ಕೇಳದೆ ಹಿಡಿದ ಜಾಡು



ಮನೆಯ ಮೂಲೆಯಲ್ಲಿ ಸ್ಥಿರ ದೂರವಾಣಿ ಇದ್ದ ಕಾಲದಲ್ಲಿ ಕರೆ ಬಂದೊಡನೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಯಾರು?’ ಎಂಬುದಾಗಿತ್ತು. ಎಲ್ಲಿಂದ ಎಂದು ಕೇಳುವ ಪ್ರಮೇಯ ಕಡಿಮೆ. ಫೋನು ತಂತಿಯೊಂದಿಗೆ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಮೊಬೈಲ್ ಬಂದ ಮೇಲೆ ಪ್ರಶ್ನೆ ಬದಲಾಯಿತು. ಯಾರೆಂಬುದನ್ನು ಪರದೆಯೇ ತಿಳಿಸುವುದರಿಂದ ಮಾತು ‘ಎಲ್ಲಿದ್ದೀ?’ ಎಂದೇ ಆರಂಭವಾಗುತ್ತದೆ. ತಾಯಿ ಮಗನನ್ನು ಕೇಳುವಾಗ ಅದರಲ್ಲಿ ಕಾಳಜಿಯಿರುತ್ತದೆ. ಮಾಲೀಕ ಕೆಲಸಗಾರನನ್ನು ಕೇಳುವಾಗ ಅಧಿಕಾರವಿರುತ್ತದೆ. ಗಂಡ ಹೆಂಡಿರ ನಡುವೆ ಕೆಲವೊಮ್ಮೆ ಸಂಶಯವೂ ಇಣುಕುತ್ತದೆ. ಏನೇ ಇದ್ದರೂ ಅದು ಪ್ರಶ್ನೆ. ಉತ್ತರಿಸುವವರ ಮರ್ಯಾದೆಯನ್ನು ಅದು ಉಳಿಸುತ್ತದೆ.

ಈಚಿನ ವರ್ಷಗಳಲ್ಲಿ ಆ ಪ್ರಶ್ನೆಯನ್ನೇ ಕೇಳದೆ ಉತ್ತರ ಪಡೆಯುವ ಸಾಧನಗಳು ನಮ್ಮ ಅಂಗೈಗೆ ಬಂದಿವೆ. ಮಗಳ ಫೋನಿನಲ್ಲಿ ಅವಳಿಗೆ ತಿಳಿಯದಂತೆ ಒಂದು ಆ್ಯಪ್ ಹಾಕಿದರೆ ಅವಳು ಕಾಲೇಜಿನಲ್ಲಿದ್ದಾಳೋ ಬಸ್ ನಿಲ್ದಾಣದಲ್ಲಿದ್ದಾಳೋ ಎಂಬುದು ತಂದೆಯ ಪರದೆಯ ಮೇಲೆ ಚುಕ್ಕೆಯಾಗಿ ಮೂಡುತ್ತದೆ. ಇದು ಕಾನೂನಿಗೆ ಒಪ್ಪಿಗೆಯೇ? ಕಾನೂನು ಸುಮ್ಮನಿರುವ ಕಡೆಯಲ್ಲಿಯೂ ಇದು ಸರಿಯೇ? ಕುಟುಂಬಗಳ ನಡುವೆ ಓಡಾಡುವ ನನಗೆ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ, ನಿಮ್ಮೊಂದಿಗೆ ಕುಳಿತು ಯೋಚಿಸಬೇಕೆನಿಸಿತು.

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಯ ಬಳಿಯಿರುವ ಊರು. ಕನ್ನಡ, ಮರಾಠಿ, ಉರ್ದು ಮೂರೂ ಅಲ್ಲಿ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಸುತ್ತವೆ. ತೊಗರಿಯ ರಾಶಿ ಮುಗಿದ ಮೇಲೆ ಆ ಭಾಗದ ಎಷ್ಟೋ ಮಂದಿ ಯುವಕರು ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ಹೋಗುವಾಗ ಪರಿಚಯದ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ, ಚೀಟಿಯಲ್ಲಿ ಬರೆದಿದ್ದ ಹತ್ತು ಅಂಕಿಗಳನ್ನು ತೋರಿಸಿದರು. “ಫಾದರ್, ಈ ನಂಬರಿನಾಂವ ಎಲ್ಲಿ ಅದಾನಂತ ನಿಮ್ಮ ಫೋನಿನ್ಯಾಗ ನೋಡಿ ಹೇಳ್ರಿ. ಅಂಗಡ್ಯಾಂವ ಅದಕ್ಕ ಐನೂರು ರೂಪಾಯಿ ಕೇಳ್ಲಾಕತ್ತಾನ.” ಪುಣೆಯಲ್ಲಿ ಕೆಲಸಕ್ಕಿದ್ದ ಮಗ ಎರಡು ವಾರಗಳಿಂದ ಮಾತನಾಡಿರಲಿಲ್ಲ. ಕರೆ ಹೋಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ.

ಬರಿಯ ನಂಬರು ಕೊಟ್ಟರೆ ಮನುಷ್ಯ ಎಲ್ಲಿದ್ದಾನೆಂದು ಹೇಳುವ ವಿದ್ಯೆ ಯಾವ ಅಂಗಡಿಯವನ ಬಳಿಯೂ ಇಲ್ಲವೆಂದು ನಾನು ಅವರಿಗೆ ತಿಳಿಸಿದೆ. ಆಮೇಲೆ ನನ್ನ ಫೋನಿನಿಂದ ಅವನಿಗೆ ಎರಡು ಸಾಲಿನ ಸಂದೇಶ ಕಳುಹಿಸಿದೆವು: ಅವ್ವ ಕಾಯುತ್ತಿದ್ದಾಳೆ, ಬೈಯುವುದಿಲ್ಲ, ಒಮ್ಮೆ ಮಾತನಾಡು ಎಂದು. ರಾತ್ರಿ ಅವನು ಕರೆ ಮಾಡಿದನು. ಕೆಲಸ ಹೋಗಿತ್ತು, ಮನೆಗೆ ಹಣ ಕಳುಹಿಸಲಾಗದ ನಾಚಿಕೆಯಿಂದ ಮೌನವಾಗಿದ್ದನು. ಆ ದಿನ ಯಾರಾದರೂ ಅವನ ಜಾಡು ತೋರಿಸಿದ್ದರೂ ತಾಯಿಗೆ ಸಿಗುತ್ತಿದ್ದುದು ಪುಣೆ ಎಂಬ ಒಂದು ಚುಕ್ಕೆ ಮಾತ್ರ. ಮಗ ಎಲ್ಲಿದ್ದಾನೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಹೇಗಿದ್ದಾನೆ ಎಂಬುದು ಗೊತ್ತಿರಲಿಲ್ಲ.

ಫೋನು ತಾನಿರುವ ಸ್ಥಳವನ್ನು ಹೇಗೆ ಅರಿಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಇಂತಹ ಮೋಸಗಳಿಂದ ದೂರವಿರಬಹುದು. ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಉಪಗ್ರಹ. ಅಮೆರಿಕದ ಜಿಪಿಎಸ್, ನಮ್ಮ ದೇಶದ ನಾವಿಕ್ ಮುಂತಾದ ಉಪಗ್ರಹಗಳು ಸಂಕೇತವನ್ನು ಕಳುಹಿಸುತ್ತವೆಯೇ ಹೊರತು ನಮ್ಮನ್ನು ನೋಡುತ್ತಿರುವುದಿಲ್ಲ. ಆ ಸಂಕೇತಗಳಿಂದ ಲೆಕ್ಕ ಹಾಕುವುದು ಫೋನೇ. ಬಯಲಿನಲ್ಲಿ ಅದು ಕೆಲವೇ ಮೀಟರುಗಳಷ್ಟು ನಿಖರ. ಆ ಲೆಕ್ಕ ಹೊರಗೆ ಹೋಗುವುದು ಫೋನಿನಲ್ಲಿರುವ ಯಾವುದಾದರೂ ಆ್ಯಪ್ ಅದನ್ನು ಇಂಟರ್ನೆಟ್ಟಿನ ಮೂಲಕ ಇನ್ನೊಬ್ಬರಿಗೆ ಕಳುಹಿಸಿದಾಗ. ಎರಡನೆಯದು ಸುತ್ತಲಿನ ವೈಫೈ ಸಂಪರ್ಕಗಳ ಗುರುತು. ಮೂರನೆಯದು ಮೊಬೈಲ್ ಕಂಪನಿಯ ಟವರ್. ಚಾಲನೆಯಲ್ಲಿರುವ ಫೋನು ಹತ್ತಿರದ ಟವರಿನ ಸಂಪರ್ಕದಲ್ಲಿರಲೇಬೇಕು. ಯಾವ ಕರೆ ಯಾವ ಟವರಿನ ಮೂಲಕ ಹೋಯಿತು ಎಂಬ ದಾಖಲೆ ಕಂಪನಿಯ ಬಳಿ ಉಳಿಯುತ್ತದೆ. ಇಂತಹ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಪರವಾನಗಿಯ ನಿಯಮವನ್ನು ತಿದ್ದಿತು.

ಟವರಿನ ದಾಖಲೆ ಎಷ್ಟು ಒರಟು ಎಂಬುದನ್ನು ಗಡಿಯ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ತಮ್ಮ ಹೊಲದಲ್ಲೇ ನಿಂತಿದ್ದಾಗ ಫೋನು ಮಹಾರಾಷ್ಟ್ರದ ಟವರನ್ನು ಹಿಡಿದು, ರೋಮಿಂಗ್ ಎಂದು ಹಣ ಕಡಿತವಾಗುತ್ತಿದ್ದ ದಿನಗಳು ಅವರಿಗೆ ನೆನಪಿವೆ. ಹಳ್ಳಿಗಾಡಿನಲ್ಲಿ ಒಂದು ಟವರಿನ ವ್ಯಾಪ್ತಿ ಹಲವು ಕಿಲೋಮೀಟರು. ಕರ್ನಾಟಕದ ಮನೆಯಲ್ಲಿ ಕುಳಿತಿರುವವನನ್ನು ಅದು ಮಹಾರಾಷ್ಟ್ರದಲ್ಲಿ ಇದ್ದನೆಂದು ತೋರಿಸಬಲ್ಲದು. ಇಂತಹ ಚುಕ್ಕೆಯನ್ನು ನಂಬಿ ಒಬ್ಬರ ಶೀಲದ ಮೇಲೆ ತೀರ್ಪು ಕೊಡುವವರು ಕ್ಷಣ ತಡೆದು ಯೋಚಿಸಬೇಕು.

ಇಂತಹುದೇ ಒಂದು ವ್ಯಾಜ್ಯ ನಮ್ಮ ರಾಜ್ಯದ ಹೈಕೋರ್ಟಿನ ಮುಂದೆ ಬಂದಿತ್ತು. ಪತ್ನಿಗೆ ಬೇರೊಬ್ಬನೊಂದಿಗೆ ಸಂಬಂಧವಿದೆಯೆಂದು ಆರೋಪಿಸಿದ ಪತಿಯೊಬ್ಬರು, ಅದನ್ನು ರುಜುವಾತುಪಡಿಸಲು ಆ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರಗಳನ್ನು ತರಿಸಬೇಕೆಂದು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯವನ್ನು ಕೋರಿದರು. 2019ರಲ್ಲಿ ಆ ನ್ಯಾಯಾಲಯ ಒಪ್ಪಿತು. ವ್ಯಾಜ್ಯದಲ್ಲಿ ಕಕ್ಷಿದಾರನೇ ಅಲ್ಲದ ಆ ವ್ಯಕ್ತಿ ಹೈಕೋರ್ಟಿಗೆ ಮೊರೆಹೋದರು. 2022ರ ನವೆಂಬರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಆದೇಶವನ್ನು ರದ್ದುಪಡಿಸಿದರು. ಪತಿಯು ತನ್ನ ಸಂಶಯವನ್ನು ಸಾಬೀತುಪಡಿಸಬೇಕೆಂಬ ಕಾರಣಕ್ಕೆ ಹೊರಗಿನವರೊಬ್ಬರ ಖಾಸಗಿತನವನ್ನು ಭಂಗಪಡಿಸಲಾಗದು ಎಂಬುದು ಆ ತೀರ್ಪಿನ ಸಾರ. ಗಮನಿಸಿ: ಪತಿ ಇಲ್ಲಿ ಯಾವುದನ್ನೂ ಕದ್ದು ನೋಡಿರಲಿಲ್ಲ, ನ್ಯಾಯಾಲಯದ ಬಾಗಿಲಿನಿಂದಲೇ ಕೇಳಿದ್ದರು. ಹಾಗೆ ಕೇಳಿದರೂ ದೊರೆಯದ ವಿವರವನ್ನು ಕದ್ದು ಪಡೆಯಲು ಹಕ್ಕು ಎಲ್ಲಿಂದ ಬಂದೀತು?

ಈ ಖಾಸಗಿತನದ ಹಕ್ಕನ್ನು ದೇಶಕ್ಕೆ ಗಟ್ಟಿಯಾಗಿ ದೊರಕಿಸಿಕೊಟ್ಟ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದ 21ನೆಯ ವಿಧಿ ನೀಡುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಳಗೇ ಇದೆಯೆಂದು ಸರ್ವಾನುಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲಿ ಅವರು ನೆಟ್ಟ ಗಿಡದ ನೆರಳಿನಲ್ಲಿ ಇಂದು ನಾವು ನಿಂತಿದ್ದೇವೆ.

ಸರಕಾರವೇ ಜಾಡು ಹಿಡಿದಾಗ ಏನಾಗುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆಯ ಜನ ಕಣ್ಣಾರೆ ಕಂಡಿದ್ದಾರೆ. ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚಿನಲ್ಲಿ. ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರು. ಆ ತಿಂಗಳ ಕೊನೆಯಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರು ಎಚ್ಚರವಿರುವ ಪ್ರತಿ ಗಂಟೆಗೊಮ್ಮೆ ತಮ್ಮ ಸೆಲ್ಫಿಯನ್ನು ಆ್ಯಪ್ ಮೂಲಕ ಕಳುಹಿಸಬೇಕೆಂದು ರಾಜ್ಯ ಸರಕಾರ ಆದೇಶಿಸಿತು. ಚಿತ್ರದೊಂದಿಗೆ ಅವರಿರುವ ಸ್ಥಳವೂ ಹೋಗುತ್ತಿತ್ತು. ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಗಳೂ ಪ್ರಕಟವಾದವು. ರೋಗದ ಭಯ ನಿಜವಾಗಿತ್ತು, ತುರ್ತು ಕೂಡ ನಿಜವಾಗಿತ್ತು. ಆದರೆ ವಿಳಾಸ ಬಯಲಾದ ಮನೆಯತ್ತ ನೆರೆಹೊರೆಯವರು ಹೇಗೆ ನೋಡಿದರೆಂಬುದೂ ನಿಜವೇ. ಕೇಂದ್ರ ಸರಕಾರದ ಆರೋಗ್ಯ ಸೇತು ಆ್ಯಪ್ ಕುರಿತು, ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಬೇರೆ ಇಲಾಖೆಗಳೊಂದಿಗೆ ಹಂಚಿಕೊಳ್ಳಬಾರದೆಂದು ಕರ್ನಾಟಕ ಹೈಕೋರ್ಟು 2021ರ ಜನವರಿ 25ರಂದು ಮಧ್ಯಂತರ ಆದೇಶ ನೀಡಿತು.

ಆ ಪೀಠದಲ್ಲಿದ್ದ ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರು ಮುಂದೆ ಸುಪ್ರೀಂ ಕೋರ್ಟಿಗೆ ಹೋದರು. ಮಾದಕ ವಸ್ತುವಿನ ಪ್ರಕರಣವೊಂದರಲ್ಲಿ ವಿದೇಶೀ ಆರೋಪಿಯೊಬ್ಬನಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪ್ಸ್‌ನಲ್ಲಿ ತಾನಿರುವ ಸ್ಥಳವನ್ನು ತನಿಖಾಧಿಕಾರಿಗೆ ಕಾಣುವಂತೆ ಗುರುತು ಹಾಕಬೇಕೆಂಬ ಷರತ್ತನ್ನು ಕೆಳಗೆ ವಿಧಿಸಲಾಗಿತ್ತು. ನ್ಯಾಯಮೂರ್ತಿಗಳಾದ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ 2024ರ ಜುಲೈ 8ರಂದು ಆ ಷರತ್ತನ್ನು ತೆಗೆದುಹಾಕಿತು. ಜಾಮೀನು ಪಡೆದವನ ಪ್ರತಿ ಹೆಜ್ಜೆಯ ಮೇಲೆ ಸದಾ ಕಣ್ಣಿಡುವುದು 21ನೆಯ ವಿಧಿಗೆ ವಿರುದ್ಧವೆಂದಿತು. ಆಪಾದನೆ ಹೊತ್ತ ಪರದೇಶಿಯ ಬೆನ್ನಿಗೂ ಈ ರಕ್ಷಣೆ ಇರುವಾಗ, ಯಾವ ಆಪಾದನೆಯೂ ಇಲ್ಲದ ನಮ್ಮ ಮನೆಯ ಸೊಸೆಗೆ ಇಲ್ಲವೇ?

ಇನ್ನು ಶಿಕ್ಷೆಯ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಹೆಣ್ಣಿನ ಬೆನ್ನು ಹತ್ತುವ ಅಪರಾಧವನ್ನು ಕುರಿತದ್ದು. ಆಕೆ ಸ್ಪಷ್ಟವಾಗಿ ಬೇಡವೆಂದರೂ ಗಂಡಸೊಬ್ಬನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವುದು, ಆಕೆಯ ಇಂಟರ್ನೆಟ್, ಇಮೇಲ್ ಅಥವಾ ಬೇರೆ ವಿದ್ಯುನ್ಮಾನ ಸಂಪರ್ಕದ ಬಳಕೆಯ ಮೇಲೆ ಕಣ್ಣಿಡುವುದು, ಎರಡೂ ಅದರೊಳಗೆ ಬರುತ್ತವೆ. ಮೊದಲ ಸಲ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಹಳೆಯ ದಂಡಸಂಹಿತೆಗೆ 2013ರಲ್ಲಿಯೇ ಇದು ಸೇರಿತ್ತು. ಗಂಡು ಹೆಣ್ಣೆಂಬ ಭೇದವಿಲ್ಲದೆ ಅನ್ವಯಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ. ಒಡೆಯರ ಅನುಮತಿಯಿಲ್ಲದೆ ಅವರ ಸಾಧನದೊಳಗೆ ಪ್ರವೇಶಿಸಿ ಮಾಹಿತಿ ತೆಗೆದುಕೊಳ್ಳುವುದನ್ನು ಅದರ 43ನೆಯ ಕಲಮು ನಿಷೇಧಿಸುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ಪೊಲೀಸರಿಗಾದರೂ ಮನಬಂದಂತೆ ನೋಡುವ ಅಧಿಕಾರವಿಲ್ಲ. ಕರೆ ವಿವರಗಳನ್ನು ಎಸ್‌ಪಿ ಅಥವಾ ಮೇಲ್ದರ್ಜೆಯ ಅಧಿಕಾರಿಯ ಮೂಲಕವೇ ಕೇಳಬೇಕೆಂದು ಕೇಂದ್ರ ಗೃಹ ಸಚಿವಾಲಯ 2013ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಫೋನಿನ ಖಾಸಗಿತನಕ್ಕೆ ರಾಜಕೀಯವಾಗಿಯೂ ತೂಕವಿದೆ ಎಂಬುದು ನಮ್ಮ ರಾಜ್ಯಕ್ಕೆ ಹೊಸತಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆಯೇ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಿದ್ದರು. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು, ಜನರ ಕರೆ ವಿವರಗಳನ್ನು ಅಕ್ರಮವಾಗಿ ಪಡೆದು ಮಾರುತ್ತಿದ್ದ ಆರೋಪದ ಮೇಲೆ ಖಾಸಗಿ ಪತ್ತೇದಾರಿ ಸಂಸ್ಥೆಗಳಿಗೆ ಸೇರಿದವರನ್ನು ಬಂಧಿಸಿದರು. ಮದುವೆಗೆ ಮೊದಲು ವರನ ‘ಹಿನ್ನೆಲೆ ನೋಡಿಸುವ’ ಹಂಬಲದಿಂದ ಇಂತಹವರ ಕೈಗೆ ಹಣ ಕೊಡುವ ಹಿರಿಯರು ನಮ್ಮಲ್ಲಿಯೂ ಇದ್ದಾರು. ತಮಗೆ ಸಿಕ್ಕ ಕಾಗದ ಅಪರಾಧದ ಫಲವೆಂದು ಅವರು ತಿಳಿಯಬೇಕು.

ಕಾನೂನು ಎಲ್ಲ ಕಡೆಯೂ ಒಂದೇ ದನಿಯಲ್ಲಿ ಮಾತನಾಡುತ್ತದೆಂದು ನಾನು ಹೇಳಲಾರೆ. 2025ರ ಜುಲೈ 14ರಂದು ಸುಪ್ರೀಂ ಕೋರ್ಟು, ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡ ಮಾತುಕತೆಯನ್ನು ಅವರ ವಿಚ್ಛೇದನದ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದಿತು. ಪೀಠದ ಹಿರಿಯರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ. ಒಬ್ಬರ ಮೇಲೊಬ್ಬರು ಗೂಢಚರ್ಯೆ ಮಾಡುವ ಹಂತಕ್ಕೆ ದಾಂಪತ್ಯ ಬಂದಿದ್ದರೆ ಅದು ಮುರಿದ ಸಂಬಂಧದ ಲಕ್ಷಣವೇ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಸಾಕ್ಷ್ಯವೆಂದು ಒಪ್ಪುವುದು ಬೇರೆ, ಹಾಗೆ ಮಾಡುವುದು ಒಳ್ಳೆಯದೆಂದು ಹರಸುವುದು ಬೇರೆ. ನನ್ನ ಬಳಿ ಬರುವ ದಂಪತಿಗಳಲ್ಲಿ ಫೋನು ಹುಡುಕಿ ನೆಮ್ಮದಿ ಪಡೆದವರನ್ನು ನಾನು ಕಂಡಿಲ್ಲ. ಏನೂ ಸಿಗದಿದ್ದರೆ ‘ಅಳಿಸಿಹಾಕಿದ್ದಾನೆ’ ಎಂಬ ಸಂಶಯ. ಏನಾದರೂ ಸಿಕ್ಕಿದರೆ ಅದನ್ನು ಹೇಗೆ ಕಂಡೆನೆಂದು ಹೇಳಲಾಗದ ಸಂಕಟ.

ಮಕ್ಕಳ ವಿಷಯದಲ್ಲಿ ಪ್ರಶ್ನೆ ಸೂಕ್ಷ್ಮವಾದುದು. ಹದಿನೆಂಟು ತುಂಬದ ಮಕ್ಕಳ ಹೊಣೆ ತಂದೆತಾಯಿಗಳದು. ಅವರ ಕ್ಷೇಮಕ್ಕಾಗಿ ಫೋನಿನ ಮೇಲೆ ನಿಗಾ ಇಡುವುದನ್ನು ಕಾನೂನು ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ. ನಮ್ಮ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಬಂದ ಕಾಯಿದೆ 2025ರ ನವೆಂಬರಿನ ನಿಯಮಗಳೊಂದಿಗೆ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಮನೆಯೊಳಗಿನ ಸ್ವಂತ ಬಳಕೆಯನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಕಂಪನಿಗಳು ಮಕ್ಕಳ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಪಡೆಯಬೇಕೆಂದೂ, ಕೆಲವು ವಿನಾಯಿತಿಗಳ ಹೊರತು ಮಕ್ಕಳ ಜಾಡು ಹಿಡಿಯಬಾರದೆಂದೂ ಹೇಳುತ್ತದೆ. ಹಾಗೆಂದ ಮೇಲೆ ಇದು ಕಾನೂನಿನ ಮಾತಿಗಿಂತ ಹೆಚ್ಚಾಗಿ ಬೆಳೆಸುವಿಕೆಯ ಮಾತು.

ನಾನು ಓದಿದ ಕಿರಿಯ ಗುರುಮಠದಲ್ಲಿ ಮನೆಯಿಂದ ಬರುವ ಪತ್ರಗಳನ್ನು ತೆರೆದು ಓದಿದ ಮೇಲೆಯೇ ನಮ್ಮ ಕೈಗೆ ಕೊಡುವ ರೂಢಿಯಿತ್ತು; ನಾವು ಬರೆದವೂ ಹಾಗೆಯೇ ಹೋಗುತ್ತಿದ್ದವು. ನಮ್ಮ ಒಳಿತಿಗಾಗಿ ಎಂಬುದರಲ್ಲಿ ಸಂದೇಹವಿರಲಿಲ್ಲ. ಪರಿಣಾಮ ಮಾತ್ರ ಬೇರೆಯಾಯಿತು. ಹದಿನಾರರ ಹರೆಯದ ನಾವೆಲ್ಲರೂ ಏನನ್ನೂ ಹೇಳದ ಪತ್ರ ಬರೆಯುವ ಕಲೆಯಲ್ಲಿ ಪಳಗಿದೆವು. ‘ಇಲ್ಲಿ ಎಲ್ಲರೂ ಕ್ಷೇಮ, ಊಟ ಚೆನ್ನಾಗಿದೆ, ಓದು ಸಾಗುತ್ತಿದೆ.’ ಜ್ವರ ಬಂದು ಮಲಗಿದ್ದಾಗಲೂ ಅದೇ ಮೂರು ವಾಕ್ಯ. ಮನೆಯ ನೆನಪಾಗಿ ಅತ್ತ ರಾತ್ರಿಯ ಮರುದಿನವೂ ಅವೇ. ಅವ್ವ ಆ ಪತ್ರಗಳನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ತೆರೆದು ನೋಡಿದರೆ, ಇಡೀ ಕಟ್ಟಿನಲ್ಲಿ ನಾನೆಂಬುವನು ಎಲ್ಲಿಯೂ ಇರಲಿಲ್ಲ. ಕಣ್ಗಾವಲು ನಮ್ಮನ್ನು ಒಳ್ಳೆಯವರನ್ನಾಗಿಸಲಿಲ್ಲ, ಮುಚ್ಚಿಡುವುದರಲ್ಲಿ ಜಾಣರನ್ನಾಗಿಸಿತು.

ಇಂದಿನ ಮಕ್ಕಳ ಕೈಯಲ್ಲಿ ಇದಕ್ಕೆ ಇನ್ನೂ ಸುಲಭದ ಉಪಾಯಗಳಿವೆ. ಫೋನನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಹೋಗಬಹುದು. ಎರಡನೆಯ ಫೋನು ಇಟ್ಟುಕೊಳ್ಳಬಹುದು. ಚುಕ್ಕೆ ಗ್ರಂಥಾಲಯದಲ್ಲಿರುತ್ತದೆ, ಮಗು ಬೇರೆಲ್ಲೋ ಇರುತ್ತದೆ. ನಿಜವಾದ ಅಪಾಯ ಬಂದ ಗಳಿಗೆಯಲ್ಲಿ ಆ ಮಗು ಯಾರಿಗೆ ಕರೆ ಮಾಡೀತು? ತನ್ನನ್ನು ಕದ್ದು ನೋಡುತ್ತಿದ್ದ ತಂದೆಗೇ? ಆದಿಕಾಂಡದಲ್ಲಿ ಮರಗಳ ಮರೆಯಲ್ಲಿ ಅಡಗಿದ್ದ ಆದಾಮನನ್ನು ದೇವರು ಎಲ್ಲಿರುವೆಯೆಂದು ಕೇಳುತ್ತಾರೆ. ಎಲ್ಲವನ್ನೂ ಬಲ್ಲವರಿಗೆ ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದರು, ಉತ್ತರಿಸುವ ಅವಕಾಶವನ್ನು ಕೊಟ್ಟರು. ಇದಕ್ಕಿಂತ ದೊಡ್ಡ ಪಾಠವನ್ನು ತಂದೆತಾಯಿಗಳಿಗೆ ನಾನು ಹೇಳಲಾರೆ.

ಈ ಅಪಾಯ ಧರ್ಮಸಭೆಯ ಅಂಗಳವನ್ನೂ ಮುಟ್ಟಿದೆ. 2021ರ ಜುಲೈಯಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿಯ ಉನ್ನತ ಹುದ್ದೆಯಲ್ಲಿದ್ದ ಧರ್ಮಗುರುವೊಬ್ಬರು ರಾಜೀನಾಮೆ ನೀಡಬೇಕಾಯಿತು. ಅವರ ಫೋನಿನಲ್ಲಿದ್ದ ಆ್ಯಪ್ ಒಂದರಿಂದ ಹೊರಬಿದ್ದು ಮಾರುಕಟ್ಟೆಯಲ್ಲಿ ಮಾರಾಟಕ್ಕಿದ್ದ ಲೊಕೇಶನ್ ಮಾಹಿತಿಯನ್ನು ಕಥೋಲಿಕ ಸುದ್ದಿತಾಣವೊಂದು ಬಳಸಿಕೊಂಡು ಅವರ ಖಾಸಗಿ ಓಡಾಟವನ್ನು ಬರೆಯಲು ಹೊರಟಿತ್ತು. ಆ ಮಾಹಿತಿಯಲ್ಲಿ ಹೆಸರುಗಳಿರಲಿಲ್ಲ. ಆದರೆ ಒಂದು ಫೋನು ಯಾವ ಕಚೇರಿಗೆ, ಯಾವ ನಿವಾಸಕ್ಕೆ ಹೋಗಿಬರುತ್ತದೆಂದು ನೋಡಿದರೆ ಹೆಸರು ತಾನಾಗಿಯೇ ಹೊಳೆಯುತ್ತದೆ. ಆ ಗುರುಗಳ ನಡತೆಯ ಬಗ್ಗೆ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ 1983ರ ಧರ್ಮಸಭಾ ಕಾನೂನು ಸಂಹಿತೆಯ 220ನೆಯ ನಿಯಮ, ಯಾರ ಸತ್ಕೀರ್ತಿಗೂ ಅನ್ಯಾಯವಾಗಿ ಹಾನಿ ಮಾಡಬಾರದು, ಯಾರ ಖಾಸಗಿತನದ ಹಕ್ಕನ್ನೂ ಉಲ್ಲಂಘಿಸಬಾರದು ಎನ್ನುತ್ತದೆ. ಪುಟ್ಟಸ್ವಾಮಿ ತೀರ್ಪಿಗಿಂತ 34 ವರ್ಷ ಹಿಂದೆಯೇ ನಮ್ಮ ಸಂಹಿತೆಯಲ್ಲಿದ್ದ ಮಾತಿದು. ತಪ್ಪನ್ನು ತಿದ್ದಲು ದಾರಿಗಳಿವೆ. ಪಾಪನಿವೇದನೆಯ ಗುಟ್ಟನ್ನು ಪ್ರಾಣ ಹೋದರೂ ಬಿಡಬಾರದೆಂದು ಕಲಿತ ನಮಗೆ, ಮಾರುಕಟ್ಟೆಯಿಂದ ಕೊಂಡ ಗುಟ್ಟಿನಿಂದ ಆತ್ಮಶುದ್ಧಿ ಆಗುತ್ತದೆಂದು ನಂಬಲಾಗದು.

ಕದ್ದು ನೋಡುವವರಿಗೂ ಅಪಾಯವಿದೆ ಎಂಬುದನ್ನು ಮರೆಯಬಾರದು. ಗುಪ್ತವಾಗಿ ಹಾಕುವ ಆ್ಯಪ್ ಲೊಕೇಶನ್ ಒಂದನ್ನೇ ತೆಗೆದುಕೊಳ್ಳುವುದು ಅಪರೂಪ. ಚಿತ್ರ, ಸಂದೇಶ, ಬ್ಯಾಂಕಿನ ಒಟಿಪಿ ಎಲ್ಲಕ್ಕೂ ಬಾಗಿಲು ತೆರೆದುಕೊಳ್ಳುತ್ತದೆ. ಅವೆಲ್ಲವೂ ಹೋಗಿ ಸೇರುವುದು ಎಲ್ಲಿಯೋ ಇರುವ ಅಪರಿಚಿತ ಕಂಪನಿಯ ಕಂಪ್ಯೂಟರಿಗೆ. ಇಂತಹ ವ್ಯಾಪಾರದ ಪಿಸಿಟ್ಯಾಟಲ್‌ಟೇಲ್ ಎಂಬ ಕಂಪನಿ 2024ರ ಮೇ ತಿಂಗಳಲ್ಲಿ ಕನ್ನಗಳ್ಳರ ದಾಳಿಗೆ ಸಿಕ್ಕಿ ಬಾಗಿಲು ಮುಚ್ಚಿತು. ಎಂಸ್ಪೈ ಎಂಬ ಇನ್ನೊಂದು ಕಂಪನಿಯ ಲಕ್ಷಾಂತರ ಗ್ರಾಹಕರ ವಿವರಗಳು ಅದೇ ವರ್ಷ ಬಯಲಾದವು. ಮಗಳನ್ನು ಕಾಪಾಡಲೆಂದು ತಂದೆ ಹಾಕಿದ ಆ್ಯಪ್, ಅವಳು ದಿನವೂ ನಡೆಯುವ ದಾರಿಯನ್ನು ಯಾರ ಕೈಗೋ ಒಪ್ಪಿಸಿದಂತಾಗುತ್ತದೆ.

ಹಾಗಾದರೆ ಲೊಕೇಶನ್ ಹಂಚಿಕೊಳ್ಳಲೇಬಾರದೇ? ಖಂಡಿತ ಹಂಚಿಕೊಳ್ಳಬಹುದು, ತಿಳಿಸಿ, ಒಪ್ಪಿ, ಅವಧಿ ನಿಗದಿಪಡಿಸಿ. ರಾತ್ರಿ ಬಸ್ಸಿನಲ್ಲಿ ಬರುವ ಮಗಳು ವಾಟ್ಸಾಪಿನಲ್ಲಿ ತಾನಾಗಿಯೇ 15 ನಿಮಿಷ, ಒಂದು ಗಂಟೆ ಅಥವಾ ಎಂಟು ಗಂಟೆಯ ಮಟ್ಟಿಗೆ ತಾನಿರುವ ಸ್ಥಳವನ್ನು ಕಳುಹಿಸಬಹುದು. ಅವಧಿ ಮುಗಿದೊಡನೆ ಅದು ನಿಲ್ಲುತ್ತದೆ. ಮರೆವಿನ ರೋಗವಿರುವ ಅಜ್ಜನ ಜೇಬಿನಲ್ಲಿ ಲೊಕೇಶನ್ ತೋರಿಸುವ ಫೋನು ಇರುವುದು ಕರುಣೆಯ ಕೆಲಸ; ಅವರಿಗೆ ಅರ್ಥವಾಗುವಷ್ಟು ದಿನ ಅವರಿಗೂ ಹೇಳಿ ಇಡಿ. ಫೋನು ಕಳೆದುಹೋದರೆ ಅದರ ಚುಕ್ಕೆಯನ್ನು ಬೆನ್ನಟ್ಟಿ ನೀವೇ ಹೋಗಬೇಡಿ. ಪೊಲೀಸರಿಗೆ ದೂರು ಕೊಟ್ಟು ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ಬಂದ್ ಮಾಡಿಸಿ. ಅದಕ್ಕೆ ಬೇಕಾದ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಈಗಲೇ *#06# ಒತ್ತಿ ನೋಡಿ, ಮನೆಯ ಪುಸ್ತಕದಲ್ಲಿ ಬರೆದಿಡಿ.

ಮನೆಯವರು ಯಾರಾದರೂ ನಿಜವಾಗಿಯೂ ಕಾಣೆಯಾದರೆ ಅಂಗಡಿ, ಆ್ಯಪ್ ಎಂದು ಗಂಟೆಗಳನ್ನು ಕಳೆಯದೆ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ. ಮಕ್ಕಳ ವಿಷಯವಾದರೆ 1098 ಇದೆ. ಟವರಿನ ದಾಖಲೆಯನ್ನು ಕಾನೂನುಬದ್ಧವಾಗಿ ಕೇಳಿ ಪಡೆಯಬಲ್ಲವರು ಪೊಲೀಸರು.

ಇನ್ನೊಂದು ಮಾತನ್ನು ಸಹೋದರಿಯರಿಗಾಗಿ ಬರೆಯುತ್ತಿದ್ದೇನೆ. ನೀವು ಎಲ್ಲಿ ಹೋದಿರೆಂಬುದು ಹೇಳದೆಯೇ ಒಬ್ಬರಿಗೆ ಸದಾ ತಿಳಿಯುತ್ತಿದ್ದರೆ ನಿಮ್ಮ ಅನುಮಾನಕ್ಕೆ ಕಾರಣವಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಯಾರೊಂದಿಗೆ ಹಂಚಿಕೆಯಾಗುತ್ತಿದೆ, ವಾಟ್ಸಾಪಿಗೆ ಯಾವ ಬೇರೆ ಸಾಧನ ಜೋಡಣೆಯಾಗಿದೆ, ನೀವು ಹಾಕಿಕೊಳ್ಳದ ಯಾವ ಆ್ಯಪ್‌ಗೆ ಲೊಕೇಶನ್ ಅನುಮತಿ ಇದೆ ಎಂಬುದನ್ನು ನೋಡಿ. ಆದರೆ ಮನೆಯಲ್ಲಿ ಹಿಂಸೆಯ ಭಯವಿದ್ದರೆ ಅದನ್ನು ಥಟ್ಟನೆ ತೆಗೆದುಹಾಕಬೇಡಿ. ತೆಗೆದದ್ದು ಅವರಿಗೆ ಗೊತ್ತಾಗಿ ಸಿಟ್ಟು ಹೆಚ್ಚಬಹುದು, ಸಾಕ್ಷಿಯೂ ಅಳಿಸಿಹೋಗಬಹುದು. ಮೊದಲು ಬೇರೊಬ್ಬರ ಫೋನಿನಿಂದ 181ಕ್ಕೆ ಕರೆ ಮಾಡಿ ಸಲಹೆ ಪಡೆಯಿರಿ, ನಂಬುವವರೊಬ್ಬರಿಗೆ ತಿಳಿಸಿ.

ಈ ವಾರ ಒಂದು ಸಂಜೆ, ಊಟವಾದ ಮೇಲೆ, ಮನೆಯವರೆಲ್ಲರೂ ತಮ್ಮ ಫೋನುಗಳನ್ನು ನಡುವೆ ಇಟ್ಟು ಕುಳಿತುಕೊಳ್ಳಿ. ಯಾರು ಯಾರಿಗೆ ಎಲ್ಲಿರುವೆನೆಂದು ತಿಳಿಸಬೇಕು, ಯಾವ ಹೊತ್ತಿನಲ್ಲಿ, ಎಷ್ಟು ಕಾಲ, ಯಾವಾಗ ನಿಲ್ಲಿಸಬಹುದು ಎಂಬುದನ್ನು ಮಾತನಾಡಿ ಗೊತ್ತುಮಾಡಿಕೊಳ್ಳಿ. ನಿಯಮ ಮಕ್ಕಳಿಗೆ ಮಾತ್ರವಾಗದೆ ತಂದೆಗೂ ತಾಯಿಗೂ ಒಂದೇ ಆಗಿರಲಿ. ಯಾರದಾದರೂ ಫೋನಿನಲ್ಲಿ ಗುಟ್ಟಾಗಿ ಹಾಕಿದ ಆ್ಯಪ್ ಇದ್ದರೆ ಅದನ್ನು ಹಾಕಿದವರೇ ಹೇಳಿ ತೆಗೆಯಲಿ. ಆ ಸಂಜೆ ಸ್ವಲ್ಪ ಬಿಸಿಯಾದ ಮಾತುಗಳು ಬಂದಾವು. ಬರಲಿ. ಮಾತು ಬರುವ ಮನೆಯಲ್ಲಿ ಮಕ್ಕಳು ತಡವಾದ ರಾತ್ರಿ ದಾರಿ ತಪ್ಪಿದಾಗ, ಬಸ್ಸು ತಪ್ಪಿದಾಗ, ಯಾರೋ ಹಿಂದೆ ಬರುತ್ತಿದ್ದಾರೆನಿಸಿದಾಗ, ಹೆದರದೆ ಮೊದಲು ಕರೆ ಮಾಡುವುದು ಮನೆಗೇ.